ಬೂದೆಮ್ಮನ ಸಂಘಕ್ಕೆ ಬಂದ ಶಕ್ತಿಪುಡಿ

ಅರಕೇರಾದಲ್ಲಿ ಯಾರಿಗಾದರೂ ಸ್ವಲ್ಪ ಸುಸ್ತಾದರೆ ಸಾಕು, ಸಲಹೆ ಕೊಡುವವರಿಗೆ ಬರವಿಲ್ಲ. ಒಬ್ಬರು ಕಷಾಯ ಅನ್ನುತ್ತಾರೆ, ಇನ್ನೊಬ್ಬರು ಟಾನಿಕ್ ಅನ್ನುತ್ತಾರೆ. ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಬೂದೆಮ್ಮ. ಮಹಿಳಾ ಸಂಘದ ಅಧ್ಯಕ್ಷೆ. ಬಾಯಿ ಜೋರು, ಮನಸ್ಸು ಬೆಣ್ಣೆ.

ಅವಳ ಸೊಸೆ ಯಶೋಧಾಳಿಗೆ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು. ರಾಯಚೂರಿನ ಡಾಕ್ಟರು ಕರುಳಿನೊಳಗೆ ಕ್ಯಾಮೆರಾ ತೂರಿಸಿ ನೋಡಿ ಮಾತ್ರೆ ಬರೆದುಕೊಟ್ಟು, "ಆರಾಮ ಆಯ್ತಂತ ನೀವಾಗೇ ಬಿಡಬ್ಯಾಡ್ರಿ" ಎಂದಿದ್ದರು. ಮಾತ್ರೆಯಿಂದ ರಕ್ತಭೇದಿ ನಿಂತು, ಯಶೋಧಾ ಹತ್ತಿ ಬಿಡಿಸಲು ಎಲ್ಲರಿಗಿಂತ ಮುಂದೆ ಹೋಗುವಂತಾಗಿದ್ದಳು. ಊರಿಗೆ ಮಾತ್ರ ಈ ವಿಷಯ ಗೊತ್ತಿರಲಿಲ್ಲ. ಮಲದಲ್ಲಿ ರಕ್ತ ಹೋಗುತ್ತದೆ ಅಂತ ಯಾರ ಮುಂದೆ ಹೇಳುವುದು?

ಹೀಗಿರುವಾಗ ಒಬ್ಬ ಮಾರಾಟಗಾರ ಶಕ್ತಿಪುಡಿಯ ಡಬ್ಬಿ ಹಿಡಿದು ಸಂಘಕ್ಕೆ ಬಂದ. "ಬರೀ ಗಿಡಮೂಲಿಕಿ ಅದ್ರೀ. ಹೊಟ್ಟಿ ಸ್ವಚ್ಛ ಮಾಡ್ತದ, ಕಸುವು ಕೊಡ್ತದ. ಇದನ್ನ ಕುಡಿದ್ರ ಯಾವ ಗುಳಿಗಿನೂ ಬೇಕಾಗಂಗಿಲ್ಲ" ಎಂದ. ಸಂಘದವರು ಡಬ್ಬಿಗಳನ್ನು ಕೊಂಡರು. ಆ ಸಂಘದ ಪದ್ಧತಿ ಹೇಗೆಂದರೆ, ಏನೇ ಬಂದರೂ ಎಲ್ಲರ ಎದುರೇ ಸಮಪಾಲು, ಮೊದಲ ಪಾಲು ಅಧ್ಯಕ್ಷೆಯ ಮನೆಗೆ. ಬೇಡವೆಂದರೆ ಸಂಘಕ್ಕೇ ಅವಮಾನ.

"ಅತ್ತಿ, ಡಾಕ್ಟರ್‌ನ ಒಂದ್ ಮಾತು ಕೇಳೋಣೇನು?" ಎಂದಳು ಯಶೋಧಾ ಮೆಲ್ಲಗೆ.

"ಅಧ್ಯಕ್ಷಿ ಸೊಸಿನೇ ಒಲ್ಲೆ ಅಂದ್ರ ಮಂದಿ ಏನಂತಾರ? ಇದೇನ್ ಔಷಧ ಅಲ್ಲ, ಊಟ ಇದ್ದಂಗ. ಕುಡಿ. ಆ ಗುಳಿಗಿ ಇನ್ನೆಷ್ಟು ದಿನ ನುಂಗ್ತಿ?"

ಯಶೋಧಾ ಮಾತ್ರೆ ಬಿಟ್ಟು ಪುಡಿ ಹಿಡಿದಳು. ಕೆಲವೇ ವಾರಗಳಲ್ಲಿ ಹೊಟ್ಟೆನೋವೂ ರಕ್ತವೂ ಮರಳಿ ಬಂದವು. "ಹೊಟ್ಟಿ ಸ್ವಚ್ಛ ಆಗಾಕತ್ತದ" ಎಂದು ಬೂದೆಮ್ಮ ಇನ್ನೊಂದು ಚಮಚ ಹೆಚ್ಚಿಗೆ ಕಲಸಿದಳು. ಒಂದು ಬೆಳಿಗ್ಗೆ ಸೊಸೆ ಬಚ್ಚಲ ಬಾಗಿಲಲ್ಲೇ ಕುಸಿದುಬಿದ್ದಳು. ಬೂದೆಮ್ಮ ಓಣಿಗೆಲ್ಲ ಕೇಳುವಂತೆ ಕೂಗಿಕೊಂಡಳು.

ಆಶಾ ಕಾರ್ಯಕರ್ತೆ ಮೌನೇಶ್ವರಿ ಓಡಿಬಂದು, ಆಂಬುಲೆನ್ಸ್ ಕರೆಸಿ, ಇಬ್ಬರನ್ನೂ ರಾಯಚೂರಿಗೆ ಕರೆದೊಯ್ದಳು.

"ಬ್ಯಾರೆ ಏನಾರ ತಗೊಂಡೀರೇನು?" ಡಾಕ್ಟರು ಕೇಳಿದರು.

"ಏನಿಲ್ರೀ" ಎಂದಳು ಬೂದೆಮ್ಮ.

ಮೌನೇಶ್ವರಿ ಅವಳ ಕೈ ಹಿಡಿದಳು. "ಯವ್ವಾ, ಪುಡಿ, ಕಷಾಯ, ಟಾನಿಕ್, ಏನಿದ್ರೂ ಹೇಳು. ಬೈಯಾಕಲ್ಲ, ಉಳಿಸಾಕ ಕೇಳಾಕತ್ತಾರ."

ಬೂದೆಮ್ಮ ಸೊಸೆಯ ಬಿಳಿಚಿದ ಮುಖ ನೋಡಿದಳು. ಅಧ್ಯಕ್ಷೆಯ ಬಿಗುಮಾನವೆಲ್ಲ ಅಲ್ಲೇ ಇಳಿಯಿತು. "ಪುಡಿ ಕುಡಿಸಿದಾಕಿ ನಾನೇ ರೀ. ಗುಳಿಗಿ ಬಿಡಿಸಿದಾಕಿನೂ ನಾನೇ."

ಬೂದೆಮ್ಮನ ಮಗ, ಯಶೋಧಾಳ ಗಂಡ ಪಕೀರಪ್ಪ ಮನೆಯಿಂದ ಡಬ್ಬಿ ತಂದ. ಡಾಕ್ಟರು ಅದರ ಮೇಲಿನ ಬರಹ ಓದಿದರು. "ಇದರಾಗ ಸೋನಾಮುಖಿ ಅದ. ಭೇದಿ ಮಾಡಿಸೋ ಎಲಿ. ಹುಣ್ಣಾದ ಕರುಳಿಗೆ ಇದು ಗಾಯಕ್ಕ ಖಾರ ಹಚ್ಚಿದಂಗ. ಗುಳಿಗಿ ಬಿಟ್ಟಿದ್ದಂತೂ ಅದಕ್ಕಿಂತ ದೊಡ್ಡ ತಪ್ಪು."

"ಹಂಗಾದ್ರ ಕಸುವು ಹೆಂಗ ಬರ್ತದ್ರೀ?" ಎಂದು ಬೂದೆಮ್ಮ ಕೇಳಿದಳು.

"ರಕ್ತ ಪರೀಕ್ಷಾ ಮಾಡಿ, ಯಾವುದು ಕಡಿಮಿ ಅದ ಅದನ್ನಷ್ಟೇ, ಎಷ್ಟು ಬೇಕೋ ಅಷ್ಟೇ ಕೊಡ್ತೀವಿ."

ಕಬ್ಬಿಣಾಂಶವೂ ವಿಟಮಿನ್ ಡಿ ಕೂಡ ಕಡಿಮೆ ಇದ್ದವು. ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ಕೊಟ್ಟರು, ವಿಟಮಿನ್ನಿಗೆ ಅಳತೆಯ ಮಾತ್ರೆ ಬರೆದರು, ಹಳೆಯ ಚಿಕಿತ್ಸೆ ಮತ್ತೆ ಶುರುಮಾಡಿದರು. ಹತ್ತಿ ಬಿಡಿಸುವ ಹಂಗಾಮು ಮುಗಿಯುವುದರೊಳಗೆ ಯಶೋಧಾ ಮತ್ತೆ ಸಾಲಿನ ಮುಂದಿದ್ದಳು. ಹಿಂದಿದ್ದವರು ಅವಳನ್ನು ಹಿಡಿಯಲು ಏದುಸಿರು ಬಿಡುತ್ತಿದ್ದರು.

ಪುಡಿಯವನು ಮತ್ತೆ ಸಂಘಕ್ಕೆ ಬಂದ. ಬೂದೆಮ್ಮ ಎದ್ದು ನಿಂತಳು.

"ತಮ್ಮಾ, ನಿನ್ನ ಡಬ್ಬಿ ಕಟ್ಕೊಂಡು ನಡಿ. ನನ್ನ ಸೊಸಿಗೆ ಕರುಳಿನ ಬ್ಯಾನಿ ಅದ. ಮಲದಾಗ ರಕ್ತ ಹೋಗ್ತಿತ್ತು. ನಾಚ್ಕೊಂಡು ಮುಚ್ಚಿಟ್ಟೆ, ನಿನ್ನ ಮಾತು ಕೇಳಿ ಆಕಿನ್ನ ಸಾವಿನ ಬಾಗಿಲಿಗೆ ಒಯ್ದೆ. ಇನ್ನ ಯಾರ ಮುಂದ ಬೇಕಾದ್ರೂ ಹೇಳ್ತೀನಿ."

ಅವನು ಹೋದ. ಆಗ ಮೂಲೆಯಲ್ಲಿ ಕೂತಿದ್ದ ಗದ್ದೆಮ್ಮ ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು: "ಬೂದೆಮ್ಮಾ, ನನಗೂ ಹಂಗೇ ರಕ್ತ ಹೋಗಾಕತ್ತದ. ಯಾರಿಗೂ ಹೇಳಿದ್ದಿಲ್ಲ."

ಮರುದಿನ ರಾಯಚೂರಿನ ಬಸ್ಸಿನಲ್ಲಿ ಗದ್ದೆಮ್ಮನ ಪಕ್ಕದಲ್ಲಿ ಕೂತವಳು ಬೂದೆಮ್ಮನೇ.

ಅಕ್ಕಂದಿರೇ, ಅಣ್ಣಂದಿರೇ, ಮಲದಲ್ಲಿ ರಕ್ತ ಕಂಡರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ ನಾಚಿಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ. ಕರುಳಿನ ಉರಿಯೂತಕ್ಕೆ ಕೊಟ್ಟ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಗಿಡಮೂಲಿಕೆಯದಾದರೂ ಸರಿ, ವಿಟಮಿನ್ ಆದರೂ ಸರಿ, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಡಬ್ಬಿ ಸಮೇತ ಹೋಗಿ ತೋರಿಸಿ. ನೀವು ಬಾಯಿಬಿಟ್ಟು ಹೇಳಿದರೆ ನಿಮ್ಮ ಮನೆಯವರ ಜೀವ ಉಳಿಯುತ್ತದೆ.