ಮೂರನೆಯ ಕ್ಯಾಸೆಟ್ಟಿನ ಹೆಂಗಸು

ಷಡಕ್ಷರಪ್ಪನವರು ತೀರಿಕೊಂಡು ನಾಳೆಗೆ ವರ್ಷ. ಬೆಂಗಳೂರಿನ ಹೋಟೆಲುಗಳಲ್ಲಿ ಜಾಜ್ ಪಿಯಾನೊ ನುಡಿಸಿ, ತಾವೇ ಹೊಸ ಸಂಗೀತ ಕಟ್ಟಿ, ಕೊನೆಗೆ ಆ ಪಿಯಾನೊವನ್ನು ಲಾರಿಯಲ್ಲಿ ಅರಸೀಕೆರೆಗೆ ತಂದು, ಇಡೀ ಪಡಸಾಲೆ ಬಿಟ್ಟು ತೆಂಗಿನಕಾಯಿ ಅಟ್ಟದ ಕೆಳಗೇ ಇರಿಸಿಕೊಂಡಿದ್ದ ಮನುಷ್ಯ. ನಾಳೆ ಬಂದವರಿಗೆ ಅವರ ಕ್ಯಾಸೆಟ್ಟುಗಳನ್ನು ಕೇಳಿಸಬೇಕೆಂದು ಅವರ ತಮ್ಮನ ಮಗಳು ಪುಷ್ಪಲತಾ ಹಟ ಹಿಡಿದಿದ್ದಳು.

ಮೊದಲನೆಯದು ಹುಲಿಕೆರೆ ಕೊಳದ್ದು. ಬೆರಳುಗಳು ಮೆಟ್ಟಿಲಿಳಿದು ನೀರು ಮುಟ್ಟಿದ ಹಾಗೆ. ಎರಡನೆಯದರಲ್ಲಿ ಜಂಕ್ಷನ್ನಿನ ಗೂಡ್ಸ್ ರೈಲು. ಎರಡಕ್ಕೂ ಅವರ ಹೆಂಡತಿ ಕಾಂತಮ್ಮ ಆಗಲೆಂದು ತಲೆಯಾಡಿಸಿದರು.

"ಮೂರನೇದು ಬ್ಯಾಡ."

"ದೊಡ್ಡಪ್ಪಂಗೆ ಅದೇ ಪ್ರಾಣ ಆಗಿತ್ತಲ್ಲ, ದೊಡ್ಡಮ್ಮ."

"ಇರ್ದೆ ಏನು? ಪಕ್ಕದಲ್ಲಿ ಒಬ್ಬಳು ಕೂತವ್ಳಲ್ಲ."

ಆ ಕ್ಯಾಸೆಟ್ಟಿನಲ್ಲಿ ಪಿಯಾನೊದ ನಡುವೆ ಯಾರೋ ಮರ ತಟ್ಟಿದಂತೆ ಲೊಟಕ್ ಲೊಟಕ್. ಹಿಂದೆಯೇ, ಕತೆ ಕೇಳುವವರು ಹೂಂಗುಟ್ಟುವ ಹಾಗೆ, ಹೆಣ್ಣು ದನಿಯಲ್ಲಿ ಒಂದು "ಹೂಂ". ಆ ಹೂಂ ಬರುವವರೆಗೆ ಪಿಯಾನೊ ಕಾಯುತ್ತಿತ್ತು. ಹಾಗೆ ಕಾಯುವುದನ್ನು ಕೇಳಲಾರದೆ ಕಾಂತಮ್ಮ ವರ್ಷದಿಂದ ಕ್ಯಾಸೆಟ್ಟನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು.

"ಅರೇಹಳ್ಳಿ ಅರುಣಾನೇ ಕಣೇ ಅದು. ಪಿಯಾನೊ ಪಾಠಕ್ಕೆ ಅಂತ ಬತ್ತಿದ್ಲು. ಬಂದಾಗ್ಲೆಲ್ಲ ಕಾಫಿಪುಡಿ. ಸುಮ್‌ಸುಮ್ನೆ ಯಾರ್ ಕೊಡ್ತಾರೆ?"

"ಅವ್ರ ಮನೇಲಿ ಕಾಫಿ ತೋಟ ಐತೆ, ದೊಡ್ಡಮ್ಮ."

"ತೋಟ ಇರೋರೆಲ್ಲ ನಮ್ಮನೇಗೇ ತರ್ತಾರಾ?"

ನಾಳೆ ಬಂದವರ ಕೈಗೆ ಕೊಬ್ಬರಿ ಕೊಟ್ಟು ಕಳಿಸಬೇಕು. ಕಾಂತಮ್ಮ ಸೆರಗು ಸಿಕ್ಕಿಸಿ ಅಟ್ಟ ಹತ್ತಿದರು. ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ, ಒಳಗಿನ ತಿರುಳು ಗಿಟುಕಾಗಿ ಚಿಪ್ಪು ಬಿಟ್ಟುಕೊಂಡಿದ್ದರೆ ಸದ್ದಾಗುತ್ತದೆ. ಆಗ ಕೊಬ್ಬರಿ ಆಯಿತೆಂದು ಲೆಕ್ಕ. ಮದುವೆಯಾಗಿ ಬಂದಾಗಿನಿಂದ ಆ ಕೆಲಸ ಅವರದೇ. ಅದರ ನಡುವೆ ಕೂತು ಪಿಯಾನೊ ಕೇಳಲು ಪುರುಸೊತ್ತೆಲ್ಲಿತ್ತು?

ಕೆಳಗೆ ಹುಡುಗಿ ಕದ್ದು ಮೂರನೆಯದನ್ನೇ ಹಾಕಿದಳು. ಬಯ್ಯಬೇಕೆಂದುಕೊಂಡೇ ಕಾಂತಮ್ಮ ಕೈಯಲ್ಲಿದ್ದ ಕಾಯಿ ಅಲ್ಲಾಡಿಸಿದರು. ಲೊಟಕ್ ಲೊಟಕ್.

"ಹೂಂ," ಎಂದು ಪಕ್ಕಕ್ಕಿಟ್ಟರು.

ಕೆಳಗಿನಿಂದಲೂ ಲೊಟಕ್ ಲೊಟಕ್. ಪಿಯಾನೊ ನಿಂತಿತು, ಕಾಯಿತು. "ಹೂಂ."

ಅವರು ಕಾಯಿಗಳ ನಡುವೆ ಹಾಗೇ ಕೂತುಬಿಟ್ಟರು. ಇನ್ನೊಂದು ಕಾಯಿ ಎತ್ತುವ ಧೈರ್ಯ ಬರಲಿಲ್ಲ. ಕ್ಯಾಸೆಟ್ಟು ಮುಗಿಯುವವರೆಗೂ ಕೇಳಿದರು.

"ಪುಷ್ಪಾ, ನಾಳೆ ಅದ್ನೇ ಹಾಕು."

"ಹಂಗಾದ್ರೆ ಅರುಣಕ್ಕ ಅಲ್ವಾ?"

"ಅಲ್ಲ ಕಣೇ. ಅವ್ಳಿಗೂ ಹೇಳಿಕಳ್ಸು, ಬರ್ಲಿ."

"ಮತ್ಯಾರು ದೊಡ್ಡಮ್ಮ ಅದು?"

ಕಾಂತಮ್ಮ ಇನ್ನೊಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು.

"ನಾಳೆ ಬತ್ತಾಳೆ. ಪಿಯಾನೊ ಪಕ್ಕ ಒಂದು ಚಾಪೆ ಹಾಕಿರು."