ನಾಯಕಿಯ ದನಿ

"ಫ್ರಿಜ್ಜಿನ ಕಂಪನಿಗೆ ಫೋನ್ ಮಾಡಿದ್ರೆ ನೀನ್ಯಾಕೆ ಎತ್ತಿದ್ಯೇ?"

ಅತ್ತೆ ಹಜಾರದಿಂದ ಹೀಗೆ ಕೂಗಿದಾಗ ಬಿಸಿನೀರಕ್ಕ ಅಡುಗೆಮನೆಯಲ್ಲಿ ಕುಕ್ಕರ್ ಉಜ್ಜುತ್ತಿದ್ದಳು. ಫೋನು ಎತ್ತುವುದಿರಲಿ, ಮೂಗು ತುರಿಸಿಕೊಳ್ಳುವುದಕ್ಕೂ ಅವಳಿಗೆ ಕೈ ಬಿಡುವಿರಲಿಲ್ಲ. "ನಾನಿಲ್ಲೇ ಇದೀನಲ್ಲ ಅತ್ತೆ, ಪಾತ್ರೆ ಮುಂದೆ," ಎಂದಳು.

"ಸುಳ್ಳು ಹೇಳಬೇಡ. ನೀನೇ ಇದು. ನಂಗೆ ನೀವು, ತಾವು ಅಂತಿದೀಯ. ಈ ಮನೆಗೆ ಬಂದಾಗಿಂದ ಒಂದು ದಿನಾನಾದ್ರೂ ಇಷ್ಟು ಮರ್ಯಾದೆ ಕೊಟ್ಟಿದ್ಯಾ?"

ಅತ್ತೆಯ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತನ್ನೂ ಬಿಡುತ್ತಿರಲಿಲ್ಲ. ಬಿಸಿನೀರಕ್ಕ ಕೈ ಒರೆಸಿಕೊಂಡು ಬಂದು ಫೋನನ್ನು ಕಿವಿಗಿಟ್ಟುಕೊಂಡಳು. "ನಿಮ್ಮ ತೊಂದರೆಯನ್ನು ನಿಧಾನವಾಗಿ ಹೇಳಿ. ನಾನು ಕೇಳಿಸಿಕೊಳ್ಳುತ್ತಿದ್ದೇನೆ," ಎಂದು ಅವಳ ದನಿಯೇ ಅವಳಿಗೆ ಹೇಳಿತು. ಅವಳ ದನಿಯ ಹಾಗಿರುವ ದನಿಯಲ್ಲ, ಅವಳದೇ. 'ಕೇಳಿಸಿಕೊಳ್ಳುತ್ತಿದ್ದೇನೆ' ಎನ್ನುವಾಗ ಕೊನೆಗೆ ಒಂದಿಷ್ಟು ಉಸಿರು ಬೆರೆಸುತ್ತದಲ್ಲ, ಆಸ್ಪತ್ರೆಯಲ್ಲಿ ಗಂಡನ ಮಂಚದ ಪಕ್ಕ ಕೂತ ನಾಯಕಿಗೆಂದು ಯಾವುದೋ ಕಾಲದಲ್ಲಿ ಅವಳು ಕಂಡುಕೊಂಡಿದ್ದ ವರಸೆ ಅದು. ಅದನ್ನು ತಂದು ಕೆಟ್ಟ ಫ್ರಿಜ್ಜಿಗೆ ಬಳಿದಿದ್ದರು.

ಬಿಸಿನೀರಕ್ಕನ ಕೆಲಸ ಡಬ್ಬಿಂಗ್. ಪರದೆಯ ಮೇಲೆ ಬೇರೆಯವರ ತುಟಿ ಅಲುಗಾಡುವುದನ್ನು ನೋಡುತ್ತ, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅವರ ಮಾತು, ನಗು, ಬಿಕ್ಕು, ಏದುಸಿರು ಎಲ್ಲವನ್ನೂ ಕೊಡುವುದು. ಗಂಟಲು ಕಾಪಾಡಿಕೊಳ್ಳಲು ದಿನವಿಡೀ ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಾಳೆಂದು ಸ್ಟುಡಿಯೋದವರು ಇಟ್ಟ ಹೆಸರು ಮನೆಯವರೆಗೂ ಬಂದು ಬೇರೂರಿತ್ತು. ಇಪ್ಪತ್ತು ವರ್ಷದಿಂದ ಅವಳು ಒಬ್ಬಳೇ ಒಬ್ಬ ನಾಯಕಿಯ ದನಿ. ಆ ನಾಯಕಿಯ ಕಣ್ಣಿಗೆ ಮರುಳಾಗದವರಿಲ್ಲ, ದನಿಗೆ ಕರಗದವರಿಲ್ಲ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಕಣ್ಣು ನಾಯಕಿಯದೇ, ಅನುಮಾನ ಬೇಡ. ಅವಳ ಸ್ವಂತ ದನಿ ಮಾತ್ರ ಮರಳು ಕಾಗದದಲ್ಲಿ ಬಾಗಿಲು ಉಜ್ಜಿದ ಹಾಗೆ. ಅದಕ್ಕೇ ಸಭೆ ಸಮಾರಂಭಗಳಲ್ಲಿ ಅವಳು ಕೈ ಮುಗಿದು ಮುಗುಳ್ನಕ್ಕು ಕೂತುಬಿಡುತ್ತಿದ್ದಳು. ಮಿತಭಾಷಿ, ಎಂಥಾ ವಿನಯ ಎಂದು ಅದಕ್ಕೂ ಹೊಗಳಿಕೆ ಬರುತ್ತಿತ್ತು.

ಮೊದಲ ಚಿತ್ರದ ದಿನವೇ ನಿರ್ಮಾಪಕರು ಬಿಸಿನೀರಕ್ಕನ ಹತ್ತಿರ ಮಾತು ತೆಗೆದುಕೊಂಡಿದ್ದರು, ಇದು ಹೊರಗೆ ಹೋಗಬಾರದು ಎಂದು. ಹೋಗಲಿಲ್ಲ. ತರಕಾರಿ ಅಂಗಡಿಯವನು "ಅಕ್ಕಾ, ನಿಮ್ಮ ಗಂಟಲು ಥೇಟ್ ಆ ಹೀರೋಯಿನ್ನಂಗೇ ಐತಲ್ಲ!" ಎಂದು ಬಾಯಿ ಬಿಟ್ಟರೆ ಅವಳು "ಹೌದಾ? ಯಾರೂ ಹೇಳೇ ಇಲ್ಲ!" ಎಂದು ಟೊಮೇಟೊ ಆರಿಸಿಕೊಂಡು ಬರುತ್ತಿದ್ದಳು. ನಾಯಕಿಯ ಕಡೆಯವರನ್ನು ಬಿಟ್ಟರೆ ಗುಟ್ಟು ಗೊತ್ತಿದ್ದವರು ಸ್ಟುಡಿಯೋದ ನಾಲ್ಕು ಜನ, ತನ್ನ ಮನೆಯ ಇಬ್ಬರು. ಇಡೀ ನಾಡಿಗೆ ಜೋಗುಳವಾದ ದನಿಯಲ್ಲಿ ನನಗೆ ಸಿಗುವುದು ಬೈಗುಳ ಮಾತ್ರ ಎಂಬುದು ಶಾಲೆಯ ವ್ಯಾನ್ ಓಡಿಸುವ ಅವಳ ಗಂಡನ ಹಳೇ ದೂರು.

ಆದರೆ ಈಚೆಗೆ ಸ್ಟುಡಿಯೋದಿಂದ ಕರೆ ಬಂದಿರಲಿಲ್ಲ. ಮೊದಲು ಸಂತೆಯ ಗದ್ದಲಕ್ಕೆ ದನಿ ಕೊಡುತ್ತಿದ್ದವರು ಮನೆ ಸೇರಿದರು, ಆಮೇಲೆ ಮಕ್ಕಳ ದನಿಯವರು. ಅವರ ಕೆಲಸ ಯಂತ್ರ ಮಾಡುತ್ತದಂತೆ ಎಂದು ಕೇಳಿ ಅವಳು ಅಯ್ಯೋ ಎಂದಿದ್ದಳು, ಆದರೂ ಆ ಬೆಂಕಿ ಪಕ್ಕದ ಬೀದಿಯದು ಅಂದುಕೊಂಡಿದ್ದಳು. ಈಗ ಫೋನು ಕೆಳಗಿಟ್ಟವಳು ಫ್ಲಾಸ್ಕನ್ನೂ ಮರೆತು ನೇರ ಸ್ಟುಡಿಯೋಗೆ ಹೋದಳು.

ಸೌಂಡ್ ಇಂಜಿನಿಯರಿಗೆ ನೆರೆತ ಕೂದಲಿನಲ್ಲೂ ಒಂದು ಜುಟ್ಟಿತ್ತು. ಹಾಗಾಗಿ ಅವನು ಜುಟ್ಟು. ಅವಳನ್ನು ನೋಡಿದ್ದೇ ಅವನು ಕುರ್ಚಿಯಿಂದ ಎದ್ದ.

"ನಿಮಗೆ ಹೆಂಗೆ ಹೇಳೋದು ಅಂತ ಒದ್ದಾಡ್ತಿದ್ದೆ ಅಕ್ಕ. ಮೇಡಂ ತಮ್ಮ ದನೀನ ಒಂದು ಕಂಪನಿಗೆ ಕೊಟ್ಬಿಟ್ಟಿದಾರೆ. ಅವರು ಹಳೇ ಪಿಚ್ಚರೆಲ್ಲ ಯಂತ್ರಕ್ಕೆ ಕೇಳಿಸಿ ಕಲಿಸಿದ್ರು. ಈಗ ಏನು ಬರೆದುಕೊಟ್ರೂ ಅದು ಮೇಡಂ ದನೀಲಿ ಓದುತ್ತೆ, ಬೇರೆ ಕಂಪನಿಗಳ ಫೋನೂ ಎತ್ತುತ್ತೆ. ಹೊಸ ಪಿಚ್ಚರ್ ಡಬ್ಬಿಂಗೂ ಮುಗೀತು. ನೀವಿಲ್ದೇನೇ ಮುಗೀತು."

"ಯಾರ ದನೀಲಿ ಅಂದೆ?"

ಜುಟ್ಟು ನೆಲ ನೋಡಿದ. "ಕಾಗದದಲ್ಲಿ ಹಂಗೇ ಇದೆ ಅಕ್ಕ. ಮೇಡಂ ದನಿ ಅಂತ."

ಹೊಸ ಚಿತ್ರದ ಒಂದು ದೃಶ್ಯ ಹಾಕಿಸಿಕೊಂಡು ನೋಡಿದಳು. ನಾಯಕಿ ಮಗನನ್ನು ಕಳೆದುಕೊಂಡು ರೈಲ್ವೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಮೊದಲು ಗಂಟಲಲ್ಲೇ ಒಂದು ತಡೆ, ಆಮೇಲೆ ನಗುವಿನಂತೆ ಕೇಳುವ ಒಂದು ಸಣ್ಣ ಸದ್ದು, ಆಮೇಲೆ ಅಳು. ಅಬ್ಬಾ, ಎಷ್ಟು ಚೆನ್ನಾಗಿ ಅತ್ತಿದೀನಿ ಎಂದು ಬಿಸಿನೀರಕ್ಕನ ಎದೆ ತುಂಬಿ ಬಂತು. ಮರುಕ್ಷಣವೇ ತಾನು ಅತ್ತೇ ಇಲ್ಲವೆಂಬುದು ನೆನಪಾಗಿ ಮೈಯೆಲ್ಲ ಉರಿಯಿತು. ಆ ಅಳು ಅವಳಿಗೆ ಎಲ್ಲಿಂದ ಬಂದಿತ್ತೆಂದು ಅವಳೊಬ್ಬಳಿಗೇ ಗೊತ್ತು. ಅವ್ವ ತೀರಿಕೊಂಡ ವಾರವೇ ಒಪ್ಪಿಕೊಂಡ ಕೆಲಸ ಬಿಡಲಾಗದೆ ಬಂದು ಮೈಕಿನ ಮುಂದೆ ನಿಂತಾಗ ತಾನಾಗಿ ಬಂದದ್ದು ಅದು.

"ಟೀವಿಯವರಿಗೆ ಹೇಳೋಣ ಅಕ್ಕ," ಎಂದ ಜುಟ್ಟು. "ನಮ್ಮ ಸಂಘದವರೆಲ್ಲ ನಿಮ್ಮ ಹಿಂದೆ ಇರ್ತಾರೆ. ಕ್ಯಾಮೆರಾ ಮುಂದೆ ಒಂದೇ ಒಂದು ಡೈಲಾಗ್ ಹೇಳಿಬಿಡಿ, ಮೇಡಂ ಬಣ್ಣ ಬಯಲಾಗುತ್ತೆ."

"ಬಯಲು ಮಾಡೋದಿದ್ರೆ ಇಪ್ಪತ್ತು ವರ್ಷದ ಹಿಂದೇನೇ ಮಾಡ್ತಿದ್ದೆ. ಕೊಟ್ಟ ಮಾತು ನಾನು ಕದ್ದುಮುಚ್ಚಿ ಮುರಿಯಲ್ಲ ಕಣೋ."

"ಮತ್ತೆ ಸುಮ್ನಿರ್ತೀರಾ?"

"ಸುಮ್ನಿರ್ತೀನಿ ಅಂತ ಯಾರಂದ್ರು? ಮನೆ ಎಲ್ಲಿದೆ ಹೇಳು, ಆ ಯಮ್ಮನದು."

ನಾಯಕಿಯ ಮನೆಯ ಬಾಗಿಲಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ಯಾರು ಬಂದಿದ್ದಾರೆಂದು ಹೇಳಲಿ ಎಂದು ಕಾವಲಿನವನು ಕೇಳಿದ, ಅವಳು ಬಾಯಿ ಬಿಟ್ಟು ಎರಡು ಮಾತಾಡಿದಳು, ಅವನು ಕಕ್ಕಾಬಿಕ್ಕಿಯಾಗಿ ಗೇಟು ತೆರೆದ, ಅಷ್ಟೇ. ಇಬ್ಬರು ಹೆಂಗಸರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಇಷ್ಟು ವರ್ಷದಲ್ಲಿ ಎದುರೆದುರು ಕೂತದ್ದು ಬೆರಳೆಣಿಕೆಯಷ್ಟು ಸಲ. ಆದರೂ ನಾಯಕಿಯ ಉಸಿರು ಎಲ್ಲಿ ನಿಲ್ಲುತ್ತದೆ, ಸುಳ್ಳು ಹೇಳುವಾಗ ಯಾವ ಕಡೆಯ ತುಟಿ ಮೊದಲು ಏಳುತ್ತದೆ, ಎಲ್ಲವೂ ಬಿಸಿನೀರಕ್ಕನಿಗೆ ಅಂಗೈಗೆರೆಯಷ್ಟು ಪರಿಚಯ. ನಾಯಕಿ ಬಣ್ಣವಿಲ್ಲದ ಮುಖದಲ್ಲಿ, ತಲೆಗೆ ಟವೆಲು ಸುತ್ತಿಕೊಂಡು ಬಂದು ಅವಳ ಕೈ ಹಿಡಿದಳು.

"ಬಾರೇ, ಬಾ! ವಿಷಯ ಕೇಳಿದ್ಯಾ? ನನ್ನ ದನಿ ಇನ್ನು ಸಾಯೋದೇ ಇಲ್ವಂತೆ. ನಾನು ಹೋದ ಮೇಲೂ ಇರುತ್ತಂತೆ!" ಎಂದಳು, ಬಾಗಿಲು ಉಜ್ಜಿದಂಥ ಅದೇ ದನಿಯಲ್ಲಿ.

"ಯಾವ ದನಿ ಮೇಡಂ?"

"ಅದೇ ಕಣೇ, ನನ್ನ…" ಎಂದವಳು ಅಲ್ಲಿಗೇ ನಿಂತಳು. ಕೈ ತಾನಾಗಿ ಗಂಟಲಿಗೆ ಹೋಯಿತು. ಅವಳ ಮುಖದಲ್ಲಿ ಏನೇನು ಹಾದು ಹೋಯಿತೆಂದು ಓದಲು ಬಿಸಿನೀರಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಟನೆಯಾಗಿರಲಿಲ್ಲ ಅದು. ನಿಜವಾಗಿ ಮರೆತಿದ್ದಳು.

"ಅಯ್ಯೋ," ಎಂದು ನಾಯಕಿ ಸೋಫಾದ ಮೇಲೆ ಕುಸಿದಳು. "ಹೊಳೀಲೇ ಇಲ್ಲ ಕಣೇ. ಆಣೆ ಮಾಡಿ ಹೇಳ್ತೀನಿ. ನನ್ನ ತಮ್ಮ ಕಾಗದ ತಂದ, ಆ ಕಂಪನಿಯವರು ಬಂದ್ರು, ನಾನು ಎಂದಿನ ಹಂಗೆ ನಕ್ಕು ಸಹಿ ಹಾಕ್ದೆ. ಪರದೆ ಮೇಲೆ ಅದನ್ನೇ ಕೇಳಿ ಕೇಳಿ… ನಗಬೇಡ, ಕನಸಲ್ಲೂ ನಾನು ನಿನ್ನ ದನೀಲೇ ಮಾತಾಡೋದು."

ಬಿಸಿನೀರಕ್ಕ ನಗಲಿಲ್ಲ. ಜಗಳಕ್ಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತುಗಳು ಅರ್ಧಕ್ಕರ್ಧ ಕರಗಿದ್ದವು. ಉಳಿದರ್ಧ ಹಾಗೇ ಇದ್ದವು.

"ನಿಂಗೂ ಅದರಲ್ಲಿ ಪಾಲು ಕೊಡಿಸ್ತೀನಿ," ಎಂದಳು ನಾಯಕಿ.

"ನನ್ನ ಮನೆ ಸಾಮಾನು ಮಾರಿ ನಂಗೇ ಪಾಲು ಕೊಡ್ತೀರಾ ಮೇಡಂ? ಕೆಲಸ ನಂದು, ಗಂಟಲು ನಂದು. ಕೊಡೋದಿದ್ರೆ ನಾನು ಕೊಡಬೇಕು, ಬಿಡೋದಿದ್ರೆ ನಾನು ಬಿಡಬೇಕು. ನಮ್ಮವ್ವನಿಗೋಸ್ಕರ ಅತ್ತಿದ್ದನ್ನ ಆ ಯಂತ್ರ ಫ್ರಿಜ್ಜಿನವರ ಹತ್ರ ಕೂತು ಅಳಬಾರದು. ಅದು ನಿಮ್ಮದಲ್ಲ ಅಂತ ಆ ಯಂತ್ರದ ಕಂಪನಿಯವರಿಗೆ ಹೇಳಿ, ಅಷ್ಟು ಸಾಕು."

"ಹೇಳಿದ್ರೆ ಊರೆಲ್ಲ ಗೊತ್ತಾಗುತ್ತೆ. ಜನ ನಗ್ತಾರೆ ನನ್ನ ನೋಡಿ."

"ಯಾಕೆ ನಗ್ತಾರೆ? ಕಣ್ಣು ನಿಮ್ಮದಲ್ವಾ? ನೀವು ಅಲ್ಲಿ ಪರದೆ ಮೇಲೆ ಸಾಯ್ತಾ ಇದ್ರೆ ತಾನೇ ನಂಗಿಲ್ಲಿ ಉಸಿರು ಸಿಕ್ಕಿಕೊಳ್ತಿದ್ದಿದ್ದು? ಯಾರಿಗಾದ್ರೂ ಹೆದರ್ಕೊಂಡು ಬದುಕೋ ಕಲಾವಿದೆ ಅಲ್ಲ ನೀವು."

ಆ ಮಾತು ನಾಯಕಿಗೆ ತಟ್ಟಿತು. ಹೊಗಳಿಕೆ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ್ದವಳು ಇದನ್ನು ಮಾತ್ರ ತಲೆ ತಗ್ಗಿಸಿ ಕೇಳಿಸಿಕೊಂಡಳು. ಟವೆಲು ಬಿಚ್ಚಿ ಪಕ್ಕಕ್ಕಿಟ್ಟು, ಕಂಪನಿಯವನು ಬಿಟ್ಟು ಹೋಗಿದ್ದ ಕಾರ್ಡು ಹುಡುಕಿ, ಮನೆಯ ಫೋನಿನಿಂದ ಅವನ ನಂಬರು ಒತ್ತಿದಳು. ಇಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ನಮಸ್ಕಾರ, ನಾನು…" ಎಂದು ತನ್ನ ಹೆಸರು ಹೇಳಿದಳು. "ಆ ದನಿ ವಿಚಾರ ಮಾತಾಡಬೇಕಿತ್ತು."

ಆ ಕಡೆ ನಗು ಕೇಳಿತು. "ಯಾರಮ್ಮಾ ನೀನು? ಮೇಡಂ ದನಿ ಕೇಳ್ಕೊಂಡೇ ದಿನಾ ಹೊಟ್ಟೆ ಹೊರೀತೀನಿ ನಾನು. ನನ್ನ ಹತ್ರಾನೇ ಈ ಆಟಾನಾ? ಇಡು, ಇಡು." ಫೋನು ಕಟ್ಟಾಯಿತು.

ನಾಯಕಿ ಮೊದಲು ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿಕೊಂಡಿತು. "ನೋಡಿದ್ಯಾ? ನನ್ನ ಮನೇಲಿ ಕೂತು ನಾನೇ ನಾನು ಅಂದ್ರೂ ನಂಬೋರಿಲ್ಲ." ಮೂಗೊರೆಸಿಕೊಂಡು ಫೋನನ್ನು ಬಿಸಿನೀರಕ್ಕನ ಕಡೆ ಸರಿಸಿದಳು. "ನೀನೇ ಮಾತಾಡೇ. ನಾನು ಅಂತಾನೇ ಮಾತಾಡು. ಮನಸ್ಸು ಬದಲಾಯ್ತು, ಎಲ್ಲ ರದ್ದು ಮಾಡಿ ಅನ್ನು. ಕೈಕಟ್ಟಿ ಕೇಳ್ತಾನೆ. ಹೊಸ ಪಿಚ್ಚರು ಮತ್ತೆ ನಿಂಗೇ ಬರುತ್ತೆ. ಯಾರಿಗೂ ಏನೂ ಗೊತ್ತಾಗಲ್ಲ."

ಬಿಸಿನೀರಕ್ಕನಿಗೆ ಅದು ನೀರು ಕುಡಿದಷ್ಟು ಸಲೀಸು. ನಾಯಕಿಯ ಗತ್ತು, ಮಾತಿನ ಮಧ್ಯೆ ತಡೆಯುವ ರೀತಿ, ಸಿಟ್ಟನ್ನು ಸಕ್ಕರೆಯಲ್ಲಿ ಅದ್ದಿ ಕೊಡುವ ರೀತಿ, ಎಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಒಂದು ಮಾತು ಆಡಿದರೆ ಕೆಲಸ ಉಳಿಯುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು, ನಾಳೆ ಎಂದಿನಂತೆ ಕತ್ತಲೆ ಕೋಣೆಗೆ ಹೋಗಿ ನಿಲ್ಲಬಹುದಿತ್ತು. ರಾಣಿಯಾಗಿ, ಕಳ್ಳಿಯಾಗಿ, ವಕೀಲೆಯಾಗಿ, ಹುಚ್ಚಿಯಾಗಿ ಮಾತಾಡಿದ ಗಂಟಲು ಅವಳದು. ತಾನಾಗಿ ಅದು ಮಾತಾಡಿದ್ದು ಅಂಗಡಿಯಲ್ಲಿ ಟೊಮೇಟೊ ಕೇಳುವಾಗ, ಮನೆಯಲ್ಲಿ ಗಂಡನನ್ನು ಬೈಯುವಾಗ ಮಾತ್ರ. ಅವಳಿಗೆ ಯಾಕೋ ತುಂಬ ಅಭಿಮಾನವಾಯಿತು, ಇಷ್ಟು ದಿನ ಬೇರೆಯವರಿಗೆ ಕೊಟ್ಟೇ ತಾನು ಬರಿದಾಗದಿರುವುದಕ್ಕೆ.

"ನೀವಾಗಿ ಮಾತಾಡಲ್ಲ ಮೇಡಂ," ಎಂದಳು. "ನಾನಾಗಿ ಮಾತಾಡ್ತೀನಿ. ನೀವು ಹೂಂ ಅಂದ್ರೆ ಮಾತ್ರ."

ನಾಯಕಿ ಕಿಟಕಿಯಾಚೆ ನೋಡಿದಳು. ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು. ಆಮೇಲೆ ತಾನೇ ಮುಂದೆ ಬಾಗಿ, ಮತ್ತೆ ನಂಬರು ಒತ್ತಿ, "ಹೂಂ," ಎಂದಳು.

"ನಮಸ್ಕಾರ," ಎಂದಳು ಬಿಸಿನೀರಕ್ಕ.

"ಮೇಡಂ! ನಮಸ್ಕಾರ ಮೇಡಂ!" ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು, ಎದ್ದು ನಿಂತಿರಬೇಕು. "ಈಗಷ್ಟೇ ಯಾರೋ ನಿಮ್ಮ ಹೆಸರು ಹೇಳ್ಕೊಂಡು ಫೋನ್ ಮಾಡಿದ್ರು ಮೇಡಂ, ಸರಿಯಾಗಿ ಬೈದು ಇಟ್ಟೆ."

"ನೀವು ಬೈದ್ರಲ್ಲ, ಅವರೇ ಮೇಡಂ. ನಾನಲ್ಲ."

"…ಹಾಂ?"

"ಅವರ ಪಿಚ್ಚರಿಗೆಲ್ಲ ದನಿ ಕೊಟ್ಟೋಳು ನಾನು. ಮೊದಲನೇ ಪಿಚ್ಚರಿಂದ ಇಲ್ಲೀವರೆಗೂ. ನಿಮ್ಮ ಯಂತ್ರ ಕಲ್ತಿರೋದು ನನ್ನ ಹತ್ರ, ನನ್ನ ಕೇಳದೆ. ನಾಳೆ ನಾವಿಬ್ರೂ ನಿಮ್ಮ ಆಫೀಸಿಗೆ ಬರ್ತೀವಿ. ಕಾಗದ ತೆಗೆದಿಟ್ಟಿರಿ, ಹರಿಯೋಕೆ. ಅಲ್ಲೀವರೆಗೂ ಅದರ ಬಾಯಿ ಮುಚ್ಚಿಸಿ."

"ಅಲ್ಲ ಮೇಡಂ, ಅಂದ್ರೆ… ನೀವು ಮೇಡಂ ಅಲ್ಲ ಅಂದ್ರೆ ನೀವ್ಯಾರು ಮೇಡಂ?"

ಬಿಸಿನೀರಕ್ಕ ತನ್ನ ಹೆಸರು ಹೇಳಿದಳು. ಪೂರ್ತಿ ಹೇಳಿದಳು, ಅವ್ವ ಇಟ್ಟದ್ದನ್ನು, ಸ್ಟುಡಿಯೋದವರು ಇಟ್ಟದ್ದನ್ನು, ಎರಡನ್ನೂ. ಆಮೇಲೆ ತನ್ನ ಕೆಲಸದ ಬಗ್ಗೆ ಹೇಳತೊಡಗಿದಳು. ಮುಂದೆ ಪರದೆಯಿರಲಿಲ್ಲ, ಬರೆದುಕೊಟ್ಟ ಮಾತಿರಲಿಲ್ಲ, ಯಾವ ತುಟಿಗೂ ಹೊಂದಿಸುವ ಗೊಡವೆಯಿರಲಿಲ್ಲ. ದನಿ ಎಲ್ಲೂ ನಡುಗಲಿಲ್ಲ. ಎದುರಿಗೆ, ಸೋಫಾದ ತುದಿಯಲ್ಲಿ, ಒದ್ದೆ ಕೂದಲು ಹರವಿಕೊಂಡು ಕೂತಿದ್ದ ನಾಯಕಿ ಅವಳ ಮುಖವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ನಾಯಕಿಯ ತುಟಿಗಳು, ಸದ್ದಿಲ್ಲದೆ, ಅವಳ ಒಂದೊಂದು ಮಾತಿಗೂ ಹೊಂದಿಕೊಂಡು ಅಲುಗಾಡತೊಡಗಿದವು.