ಮಫ್ಲರ್ ಮಾಮನ ಒಡೆದ ಸ್ವರ

ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ದಿನಗಳಲ್ಲೂ ಕೊರಳಿಗೆ ಉಣ್ಣೆಯ ಮಫ್ಲರನ್ನು ಬಿಗಿಯಾಗಿ ಸುತ್ತಿಕೊಂಡು, ಗಲ್ಲವನ್ನು ಅದರೊಳಗೆ ಹುದುಗಿಸಿ, ಎದುರಾಗುವ ಧೂಳಿಗೂ ಹೊಗೆಗೂ ಅರ್ಧ ಬೆನ್ನು ತಿರುಗಿಸಿ ಓರೆಯಾಗಿ ನಡೆಯುತ್ತಿದ್ದ ಆ ಮನುಷ್ಯನನ್ನು ನಮ್ಮ ಓಣಿಯ ಮಕ್ಕಳು ‘ಮಫ್ಲರ್ ಮಾಮ’ ಎನ್ನುತ್ತಿದ್ದರು. ಹಸುಗೂಸನ್ನು ಹೊತ್ತವರ ಹಾಗೆ ಆತ ತನ್ನ ಕೊರಳನ್ನು ಹೊತ್ತು ತಿರುಗುತ್ತಿದ್ದ. ತಣ್ಣೀರು ಮುಟ್ಟುವವನಲ್ಲ, ಎಷ್ಟು ದೂರವಿದ್ದರೂ ಕೂಗಿ ಕರೆಯುವವನಲ್ಲ. ಹೆಂಡತಿಯೊಡನೆ ಜಗಳವಾಡಬೇಕಾಗಿ ಬಂದರೂ ಮೆಲ್ಲಗೇ ಆಡುತ್ತಿದ್ದ. “ಜಗಳ ಅಂದ್ಮೇಲೆ ಒಂದು ಕಳೆ ಬೇಡ್ವಾ? ಇವರ ಜೊತೆ ಆಡೋದೂ ಒಂದೇ, ಗೋಡೆ ಜೊತೆ ಆಡೋದೂ ಒಂದೇ” ಎಂದು ಆಕೆ ನಮ್ಮೆದುರೇ ನಗುತ್ತಿದ್ದಳು.

ವೃತ್ತಿಯಿಂದ ಆತ ಟ್ರ್ಯಾಕ್ ಗಾಯಕ. ಹೆಸರಾಂತ ಗಾಯಕರಿಗಾಗಿ ಹಾಡನ್ನು ಮೊದಲು ತಾನು ಹಾಡಿಡಬೇಕು. ಅದನ್ನು ಕೇಳಿ ಕಲಿತು ಅವರು ಬಂದು ಹಾಡಿದ ಮೇಲೆ ಇವನ ದನಿಯನ್ನು ಅಳಿಸಿಹಾಕುತ್ತಾರೆ. ಗೆದ್ದಲು ಕಟ್ಟಿದ ಹುತ್ತ ಹಾವಿಗಾಯಿತಲ್ಲ ಎಂದು ನಾವು ಕೆಣಕಿದರೆ, ಮಾಮ ಮಫ್ಲರಿನೊಳಗಿಂದಲೇ, “ಹಾವಿಗೂ ಒಂದು ಮನೆ ಬೇಕಲ್ಲಪ್ಪ” ಎನ್ನುತ್ತಿದ್ದ. ಆದರೆ ಒಳಗೊಳಗೇ ಒಂದು ಆಸೆಯನ್ನು ಸಾಕಿಕೊಂಡಿದ್ದ: ಯಾವುದಾದರೂ ಒಂದು ಹಾಡಿನಲ್ಲಿ, ಒಂದೇ ಒಂದು ಸಾಲು, ತನ್ನ ದನಿಯಲ್ಲೇ ಉಳಿಯಬೇಕು; ಮಗಳು ಅದನ್ನು ಕೇಳಬೇಕು.

ದೇಶದೇಶಗಳ ತಂಡಗಳು ಸೇರುವ ಫುಟ್‌ಬಾಲ್ ಪಂದ್ಯಾವಳಿಯ ಅಧಿಕೃತ ಗೀತೆಗೆ ಟ್ರ್ಯಾಕ್ ಹಾಡಲು ಕರೆ ಬಂದಾಗ ಆ ಆಸೆ ಎದ್ದು ಕೂತಿತು. “ಚೆನ್ನಾಗಿ ಬಂದ್ರೆ ಕೊನೇ ಕೂಗು ನಿಮ್ಮದೇ ಇಟ್ಕೊಳ್ಳೋಣ” ಎಂದಿದ್ದನಂತೆ ಸಂಗೀತ ನಿರ್ದೇಶಕ. ಪಲ್ಲವಿಯ ತುದಿಯಲ್ಲಿ ಇಡೀ ಕ್ರೀಡಾಂಗಣವನ್ನು ಕರೆಯುವ, ‘ಬಾ’ ಎಂಬ ಒಂದೇ ಅಕ್ಷರದ ಸುದೀರ್ಘ ತಾರಸ್ವರ ಅದು. ಮಗಳಿಗೆ ಆಮೇಲೆ ಹೇಳಿ ಬೆರಗುಗೊಳಿಸೋಣವೆಂದು ಗುಟ್ಟು ಮುಚ್ಚಿಟ್ಟುಕೊಂಡು ಹೊರಟ. ಗೋಡೆಗೆ ಸ್ಪಂಜು ಹೊದಿಸಿದ ಪುಟ್ಟ ಕೋಣೆಯಲ್ಲಿ ಮಫ್ಲರ್ ಬಿಚ್ಚಿ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ಆ ಸ್ವರವನ್ನು ಎತ್ತಿದ. ಎಂದೂ ಕೈಕೊಡದ ಕೊರಳು ಅಂದು ನಡುವೆ ಬಿರುಕು ಬಿಟ್ಟಿತು. ಸ್ವರ ಒಡೆದು, ಕ್ಷಣಕಾಲ ಬಿಕ್ಕಿ, ಹೇಗೋ ಮೇಲೆ ಹತ್ತಿತು.

“ಇನ್ನೊಂದ್ಸಲ ಹಾಡ್ತೀನಿ ಸಾರ್” ಎಂದು ಬೇಡಿಕೊಂಡ. ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗ್ ಎಂಜಿನಿಯರ್ ಆಕಳಿಸಿ, “ಬಿಡಿ, ಬರೀ ಟ್ರ್ಯಾಕ್ ತಾನೆ? ಯಾರು ಕೇಳ್ತಾರೆ!” ಎಂದ.

ಹೆಸರಾಂತ ಗಾಯಕ ಕೇಳಿದ. ವಿಮಾನದಲ್ಲಿ ಕೂತು ಕಲಿತು ಬಂದವನು ಟ್ರ್ಯಾಕಿನಲ್ಲಿದ್ದುದನ್ನೆಲ್ಲ ಚಾಚೂ ತಪ್ಪದೆ ಹಾಡಿದ. ಒಡಕೂ ಹಾಡಿನದೇ ಭಾಗವೆಂದುಕೊಂಡು ಅದನ್ನು ಎಷ್ಟು ಸೊಗಸಾಗಿ ಒಡೆದನೆಂದರೆ ನಿರ್ದೇಶಕ ಕುಣಿದಾಡಿಬಿಟ್ಟ. ಮಾಮನ ಕೂಗನ್ನು ಇಟ್ಟುಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು.

ಒಡಕು ಮಾತ್ರ ಮುಗಿಯಲಿಲ್ಲ. ದನಿ ದಿನದಿನಕ್ಕೆ ಕಟ್ಟುತ್ತ ಬಂದು, ಕೊನೆಗೆ ವೈದ್ಯರು ಗಂಟಲಿಗೆ ಕ್ಯಾಮರಾ ಇಳಿಸಿ ನೋಡಿ, ಸ್ವರತಂತುವಿನ ಮೇಲೆ ಗಂಟಿದೆ, ಕೆಟ್ಟ ಗಂಟು ಎಂದರು. ಅಂದಿನ ಬಿಕ್ಕು ಅದರ ಮೊದಲ ಸುಳಿವಾಗಿತ್ತು. ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತು, ಸ್ವರ ಹೋಯಿತು. ಮಿಕ್ಕಿದ್ದು ಕಾಗದ ಉಜ್ಜಿದಂಥ ಒಂದು ಪಿಸುಮಾತು.

ಅಷ್ಟರಲ್ಲಿ ಪಂದ್ಯಾವಳಿ ಶುರುವಾಗಿತ್ತು. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಲಿಫ್ಟಿನಲ್ಲಿ ಕೂಡ ಅದೇ ಹಾಡು. ಟೀವಿಯಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ಸಹಸ್ರಾರು ಜನ ತೋಳಿಗೆ ತೋಳು ಹೆಣೆದು ‘ಬಾ’ ಎಂದು ಕೂಗಿ, ಅದೇ ಜಾಗದಲ್ಲಿ ಅದೇ ರೀತಿ ದನಿ ಒಡೆದು ನಗುತ್ತಿದ್ದರು. ತನ್ನ ಕೊರಳು ಸತ್ತ ಗಳಿಗೆಯನ್ನು ಲೋಕವೆಲ್ಲ ಸಂಭ್ರಮಿಸಿ ಹಾಡುವುದನ್ನು ಕೇಳುತ್ತ ಕೂರುವ ಶಿಕ್ಷೆ ಯಾವ ಪಾಪಕ್ಕೆ? ಆದರೂ ಮಾಮ ಟೀವಿ ಆರಿಸುತ್ತಿರಲಿಲ್ಲ. ಮಗಳಿಗೆ ಫುಟ್‌ಬಾಲೆಂದರೆ ಪ್ರಾಣ.

ಒಂದು ಸಂಜೆ ನಾವೆಲ್ಲ ಪಂದ್ಯ ನೋಡಲು ಅವರ ನಡುಮನೆಯಲ್ಲಿ ಸೇರಿದ್ದಾಗ ಮಗಳು ಎದ್ದು ನಿಂತು ಹಾಡಿದಳು. ‘ಬಾ’ ಎಂದೆತ್ತಿ, ಸರಿಯಾದ ಜಾಗದಲ್ಲೇ ಬಿಕ್ಕಿದಳು. ಮಾಮ ಹತ್ತಿರ ಹೋಗಿ ಪಿಸುಗುಟ್ಟಿದ: “ಅಲ್ಲಿ ಒಡೀಬಾರದು ಪುಟ್ಟಿ. ಅದು ತಪ್ಪು. ನೇರವಾಗಿ ಹಿಡಿ.”

“ಅಯ್ಯೋ ಹೋಗಪ್ಪ, ಅಲ್ಲೇ ಇರೋದು ಮಜಾ! ಎಲ್ಲಿ, ನೀನು ಹಾಡಿ ತೋರ್ಸು ನೋಡೋಣ” ಎಂದವಳು ತಕ್ಷಣ ತುಟಿ ಕಚ್ಚಿಕೊಂಡಳು.

ಅವಳು ಟೀವಿಯತ್ತ ತಿರುಗಿದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಹೇಳ್ಬಿಡಿ ಅವಳಿಗೆ” ಎಂದು ಮೆಲ್ಲಗೆ ಅಂದಳು. ಮಾಮ ಬೇಡವೆಂದು ತಲೆಯಾಡಿಸಿದ. “ಖುಷಿಯಾಗಿ ಹಾಡ್ತಿದ್ದಾಳೆ. ಹಾಡ್ಕೊಳ್ಲಿ ಬಿಡು.”

ಮರುದಿನದಿಂದ ಆತ ಮಫ್ಲರ್ ಸುತ್ತುವುದನ್ನು ಬಿಟ್ಟ. ಈಗ ಧೂಳಿಗೆ ಎದೆಕೊಟ್ಟು ನೆಟ್ಟಗೆ ನಡೆಯುತ್ತಾನೆ, ತಣ್ಣೀರನ್ನು ಗಟಗಟ ಕುಡಿಯುತ್ತಾನೆ. ಕಾಪಾಡಿಕೊಳ್ಳಲು ಏನೂ ಇಲ್ಲದವನ ಆ ನಡಿಗೆಯನ್ನು ಕಂಡರೆ ನಮಗೆ ಭಯವಾಗುತ್ತದೆ. ಇನ್ನೊಬ್ಬರಿಗಾಗಿ ಹಾಡಿಡುವ ಇಂಥವರನ್ನು ಲೋಕ ಮರೆಯುತ್ತದೆ ಎನ್ನುವುದೂ ಸುಳ್ಳು. ಮರೆಯಬೇಕಾದರೆ ಮೊದಲು ತಿಳಿದಿರಬೇಕಲ್ಲ. ಅವರು ಸರಿಯಾಗಿ ಹಾಡಿದ್ದೆಲ್ಲ ಅಳಿಸಿಹೋಗುತ್ತದೆ. ತಿದ್ದಿಕೊಳ್ಳುತ್ತೇನೆಂದು ಅಂಗಲಾಚಿದ ಒಂದು ತಪ್ಪು ಮಾತ್ರ, ಬೇರೊಬ್ಬರ ಹೆಸರಿನಲ್ಲಿ, ಉಳಿದುಬಿಡುತ್ತದೆ.